ಹತ್ತೊಂಬತ್ತೇ ದಿನಕ್ಕೆ ಸವೆದ ಬ್ರಷ್

ಮಂಗಳವಾರ
ಮಧ್ಯಾಹ್ನ, ಊಟದ ಬಿಡುವು

ಪಂಪ್‌ಹೌಸಿನ ಹಿರಿಯ ಮೆಕ್ಯಾನಿಕ್ ಸಾಹೇಬರಿಗೆ, ಅಂದರೆ ನಮ್ಮ ಯಜಮಾನರಿಗೆ,

ನಿಮ್ಮ ದೂರು ತಲುಪಿತು. ಹದಿನಾಲ್ಕು ತಿಂಗಳಲ್ಲಿ ನೀವು ಬರೆದ ಮೊದಲ ಕಾಗದ ಅದು. ಅದನ್ನೂ ಮೂರು ಪ್ರತಿ ಮಾಡಿ ಒಂದನ್ನು ನಮ್ಮ ಮ್ಯಾನೇಜರಿಗೆ ಕಳಿಸಿದ್ದೀರಿ. ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ನೀವೂ ಗಟ್ಟಿಮುಟ್ಟಾಗಿದ್ದೀರಿ ಎನ್ನುವುದು "ಈ ಬ್ರಷ್ ಮಾಡಿದವರು ಜನ್ಮದಲ್ಲಿ ಮೋಟಾರು ಕಂಡಿದ್ದಾರೆಯೇ ಎಂದು ವಿಚಾರಿಸತಕ್ಕದ್ದು" ಎಂಬ ನಿಮ್ಮ ವಾಕ್ಯದಿಂದಲೇ ತಿಳಿಯಿತು. ಕಂಡಿದ್ದೇನೆ ಸ್ವಾಮಿ. ಇಪ್ಪತ್ತಾರು ವರ್ಷ ಒಂದು ಮೋಟಾರಿನ ಜೊತೆ ಸಂಸಾರವನ್ನೇ ಮಾಡಿದ್ದೇನೆ. ಸದ್ದು ಜಾಸ್ತಿ, ಬಿಸಿಯಾಗುವುದು ಬೇಗ.

ಇದು ಆಫೀಸಿನ ಉತ್ತರ ಅಲ್ಲ. ಅದು ಶುಕ್ರವಾರ ಹೋಗಬೇಕು. ಅದಕ್ಕೆ ಮೊದಲು ನಿಮಗೊಬ್ಬರಿಗೇ ಹೇಳಬೇಕಾದ ವಿಷಯ ಒಂದಿದೆ. ಓದಿದ ಮೇಲೆ ಇದನ್ನು ನಿಮ್ಮ ತಂಗಿಯ ಕೈಗೆ ಸಿಗದ ಹಾಗೆ ಇಡಿ. ಅವಳಿಗೆ ಗೊತ್ತಾದರೆ ಬೀದಿಗೆಲ್ಲ ಗೊತ್ತಾದ ಹಾಗೆ. ನಾನು ಬ್ರಷ್ ಫ್ಯಾಕ್ಟರಿಗೆ ಸೇರಿದಾಗ ಹಲ್ಲುಜ್ಜುವ ಬ್ರಷ್ ಎಂದು ತಿಳಿದು ಒಂದು ಡಜನ್ ತಂದುಕೊಡಿ ಎಂದವಳಲ್ಲವೇ ಅವಳು. ಕೂರಿಸಿಕೊಂಡು ವಿವರಿಸಿದ್ದೆ: ಇದು ಬೆರಳುದ್ದದ ಕರೀ ಇಂಗಾಲದ ತುಂಡು, ಮೋಟಾರಿನಲ್ಲಿ ತಿರುಗುವ ಲೋಹದ ಮೇಲೆ ಒರಗಿ ಕೂತು ಕರೆಂಟು ದಾಟಿಸುತ್ತದೆ, ದಾಟಿಸುತ್ತ ದಾಟಿಸುತ್ತ ತಾನು ಸವೆಯುತ್ತದೆ, ಅದು ಬೇಗ ಸವೆಯದ ಹಾಗೆ ಮಾಡುವುದೇ ನನ್ನ ಕೆಲಸ ಎಂದು. ಎಲ್ಲ ಕೇಳಿಸಿಕೊಂಡು, ಇಷ್ಟಕ್ಕೂ ಸಂಬಳ ಕೊಡ್ತಾರಾ ಅತ್ತಿಗೆ ಅಂದಿದ್ದಳು.

ಇರಲಿ, ವಿಷಯಕ್ಕೆ ಬರುತ್ತೇನೆ. ಈ ಹೊಸ ಬ್ರಷ್ ನನ್ನ ಹನ್ನೊಂದು ವರ್ಷದ ಕೆಲಸ ಎಂದು ನಿಮಗೆ ಗೊತ್ತು. ಹಳೆಯದು ಆರು ತಿಂಗಳು ಬಂದರೆ ಇದು ಎರಡು ವರ್ಷ ಬರಬೇಕು. ನಲವತ್ತು ಪಂಪ್‌ಹೌಸುಗಳ ಪಟ್ಟಿಯಲ್ಲಿ ಮೂರನ್ನು ಪರೀಕ್ಷೆಗೆ ಆರಿಸಿದರು. ಅದರಲ್ಲಿ ನಿಮ್ಮದು ಯಾಕೆ ಬಂತೋ, ಯಾರ ಕಣ್ಣಿಗೆ ಬಿತ್ತೋ, ನಾನು ಕೇಳಲು ಹೋಗಲಿಲ್ಲ. ಉಳಿದೆರಡು ಕಡೆ ಬ್ರಷ್ ಸವೆದದ್ದು ಲೆಕ್ಕಕ್ಕೇ ಇಲ್ಲ. ನಿಮ್ಮಲ್ಲಿ ಹತ್ತೊಂಬತ್ತೇ ದಿನಕ್ಕೆ ಬುಡ ಕಂಡಿತು. ಮೋಟಾರು ನಿಂತು ಅರ್ಧ ದಿನ ನಲ್ಲಿಯಲ್ಲಿ ನೀರಿಲ್ಲದೆ, ಜನ ಖಾಲಿ ಬಕೆಟ್ ಹಿಡಿದುಕೊಂಡು ನಿಮ್ಮ ಬಾಗಿಲಿಗೇ ಬಂದರಂತೆ. ನಮ್ಮ ಮ್ಯಾನೇಜರು ನನ್ನನ್ನು ಕರೆದು, ಮುಂದಿನ ಶುಕ್ರವಾರದೊಳಗೆ ಕಾರಣ ಕೊಡಿ ಮೇಡಂ, ಇಲ್ಲಾಂದ್ರೆ ಇದನ್ನ ಇಲ್ಲಿಗೇ ಬಿಟ್ಟು ಹಳೇದನ್ನೇ ಮಾಡೋಣ ಅಂದರು. ಸಿಟ್ಟಿನಿಂದ ಅಂದಿದ್ದರೆ ಜಗಳ ಆಡುತ್ತಿದ್ದೆ. ಪಾಪ, ಕನಿಕರದಿಂದ ಅಂದರು. ಕನಿಕರದ ಜೊತೆ ಜಗಳ ಆಡುವುದು ಹೇಗೆ? ಹನ್ನೊಂದು ವರ್ಷ ರೀ!

ನೀವು ಬಿಸ್ಕೆಟ್ ಡಬ್ಬಿಯಲ್ಲಿ ಹತ್ತಿ ಸುತ್ತಿ ಕಳಿಸಿದ ಸವೆದ ಬ್ರಷ್‌ಗಳನ್ನು ಭೂತಗನ್ನಡಿಯ ಕೆಳಗಿಟ್ಟೆ. ಸುಳ್ಳು ಯಾಕೆ ಹೇಳಲಿ, ಮೊದಲ ಅನುಮಾನ ನಿಮ್ಮ ಮೇಲೆಯೇ. ಬ್ರಷ್ ಒರಗುವ ಆ ಕಂಚಿನ ಉಂಗುರದ ಮೇಲೆ ಒಂದು ತೆಳು ಕಂದು ಪೊರೆ ಕೂರುತ್ತದಲ್ಲ, ಅದಿದ್ದರೇ ಬ್ರಷ್ ಬಾಳುವುದು. ನಿಮಗೋ ಎಲ್ಲವೂ ಫಳಫಳ ಹೊಳೆಯಬೇಕು. ಕೊಳೆ ಎಂದುಕೊಂಡು ಉಜ್ಜುಕಾಗದ ಹಾಕಿ ಉಜ್ಜಿರುತ್ತೀರಿ, ಸಿಕ್ಕಿಬಿದ್ದಿರಿ ಎಂದು ಕೈಯುಜ್ಜಿಕೊಂಡು ನೋಡಿದೆ. ಉಜ್ಜುಕಾಗದದ ಪುಡಿಯ ಗುರುತೇ ಬ್ರಷ್ಷಿನ ಮೇಲಿಲ್ಲ. ನೀವು ಬರೆದು ಕಳಿಸಿದ ಸ್ಪ್ರಿಂಗಿನ ಒತ್ತಡದ ಅಳತೆಯೂ ಸರಿ, ಬ್ರಷ್ಷು ಗೂಡಿನಲ್ಲಿ ಕೂತ ರೀತಿಯೂ ಸರಿ. ನಿಮ್ಮದು ಒಂದು ತಪ್ಪೂ ಸಿಗಲಿಲ್ಲವಲ್ಲ ಎಂದು ನನಗೆ ಆ ದಿನವೆಲ್ಲ ಬೇಜಾರು.

ಆಮೇಲೆ ನಮ್ಮ ಲ್ಯಾಬಿನ ಮೇಡಂ ಆ ಬ್ರಷ್ಷಿನ ಪುಡಿ ಪರೀಕ್ಷೆ ಮಾಡಿ ಹುಬ್ಬೇರಿಸಿಕೊಂಡು ಬಂದರು. ಇದರಲ್ಲಿ ಸಿಲಿಕೋನ್ ಇದೆ, ಪಂಪ್‌ಹೌಸಲ್ಲಿ ಇದಕ್ಕೇನು ಕೆಲಸ ಅಂದರು. ಅದರ ಆವಿ ಬ್ರಷ್ಷಿನ ಕಿಡಿಗೆ ಸಿಕ್ಕಿದರೆ ಸುಟ್ಟು ಮರಳಿನಂಥ ಪುಡಿಯಾಗುತ್ತದೆ, ಆ ಪುಡಿ ನನ್ನ ಬ್ರಷ್ಷನ್ನು ಕ್ಯಾರೆಟ್ ತುರಿದ ಹಾಗೆ ತುರಿದು ಹಾಕಿದೆ. ಎಲ್ಲಿಂದ ಬಂದಿರಬಹುದು ಎಂದು ಕೇಳಿದೆ. ಕಿಟಕಿಗೆ ಹಚ್ಚುವ ಅಂಟಿನಲ್ಲಿರುತ್ತೆ, ಪಾಲಿಷ್‌ನಲ್ಲಿರುತ್ತೆ, ಇಲ್ಲಾ ಕೂದಲು ಮಿನುಗಲಿ ಅಂತ ಹೊಡೆದುಕೊಳ್ಳೋ ಸ್ಪ್ರೇಯಲ್ಲಿರುತ್ತೆ, ಆದರೆ ಅಲ್ಲಿ ಸಿನಿಮಾದವರು ಯಾರಿದ್ದಾರೆ ಬಿಡಿ ಎಂದು ನಕ್ಕರು. ನಾನೂ ನಕ್ಕೆ.

ಕಿಟಕಿಗೆ ಏನಾದರೂ ಹಚ್ಚಿದ್ದೀರಾ ಎಂದು ತಿಳಿಯಲು ನಿಮ್ಮ ತಂಗಿಗೆ ಫೋನು ಮಾಡಿದೆ. ನಿಮಗೇ ಮಾಡಬಹುದಿತ್ತು, ಮಾಡಲಿಲ್ಲ. ನನ್ನ ಸ್ವಭಾವ ಗೊತ್ತಿದ್ದದ್ದೇ. ಕಿಟಕಿ ಹಾಗೇ ಇದೆ ಅತ್ತಿಗೆ, ಬದಲಾಗಿರೋದು ಅಣ್ಣ ಅಂದಳು. ದಿನಾ ಇಸ್ತ್ರಿ ಶರಟಂತೆ. ಮೀಸೆಗೆ ಕತ್ತರಿಯಂತೆ. ಡಬ್ಬಿಯಿಂದ ತಲೆಗೆ ಪುಸ್ ಪುಸ್ ಅಂತ ಏನೋ ಹೊಡ್ಕೋತಾನೆ, ಹತ್ತಿರ ಹೋದ್ರೆ ಮಲ್ಲಿಗೆ ಅಂಗಡಿ ಮುಂದೆ ನಿಂತ ಹಾಗಿರುತ್ತೆ ಅಂದಳು.

ಐವತ್ತೆರಡು ವರ್ಷದ ಗಂಡಸು! ತಲೆಯ ಮೇಲೆ ಹೆಸರಿಟ್ಟು ಕರೆಯುವಷ್ಟು ಕೂದಲು! ನನಗೆ ಎರಡು ದಿನ ಊಟ ಸೇರಲಿಲ್ಲ. ಯಾರು ಆ ಮಹಾತಾಯಿ ಎಂದು ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿಯಿತು. ಮೀಟರ್ ನೋಡಲು ಬರುವವಳಾ, ಕ್ಲೋರಿನ್ ಸಪ್ಲೈ ಆಫೀಸಿನವಳಾ? ಹನ್ನೊಂದು ವರ್ಷದ ಬ್ರಷ್ ಹಾಳಾದ ಕಾರಣ ಹುಡುಕುತ್ತಿದ್ದವಳು ಬ್ರಷ್ ಮರೆತು ಆ ಡಬ್ಬಿಯ ಹಿಂದೆ ಬಿದ್ದೆ. ಮೂರನೆಯ ದಿನ ಮಾನ ಮರ್ಯಾದೆ ಎಲ್ಲ ಬಿಟ್ಟು ಮತ್ತೆ ಫೋನು ಮಾಡಿದೆ. ಎಲ್ಲಿ ನಿಂತುಕೊಂಡು ಹೊಡೆದುಕೊಳ್ಳುತ್ತಾರೆ, ಅಷ್ಟು ಹೇಳು ಎಂದೆ. ಮನೇಲಿ ಕನ್ನಡಿ ಎಲ್ಲಿದೆ ಅತ್ತಿಗೆ, ನೀವು ಬೀರು ತಗೊಂಡು ಹೋದ್ರಲ್ಲ, ಮೋಟಾರು ರೂಮಿನಲ್ಲಿರೋ ಕನ್ನಡೀಲೇ ಅವನ ಅಲಂಕಾರ ಅಂದಳು.

ರೀ, ಆ ಕನ್ನಡಿ ನನಗೆ ಗೊತ್ತು. ಮೋಟಾರು ಗಾಳಿ ಎಳೆದುಕೊಳ್ಳುವ ಜಾಲರಿಗೆ ಒಂದು ಗೇಣು ದೂರ ಇದೆ. ನೀವು ಪುಸ್ ಎನ್ನಿಸಿದ್ದರಲ್ಲಿ ನಿಮ್ಮ ತಲೆಗೆ ಕಾಲು ಭಾಗ, ಮೋಟಾರಿಗೆ ಮುಕ್ಕಾಲು. ಅಂತೂ ನನ್ನ ಬ್ರಷ್ ಸತ್ತದ್ದು ನಿಮ್ಮ ಶೃಂಗಾರಕ್ಕೆ.

ಅಷ್ಟಕ್ಕೇ ಫೋನು ಇಡಬೇಕಿತ್ತು. ಇಡಲಿಲ್ಲ. ಇದೆಲ್ಲ ಯಾರಿಗೋಸ್ಕರ ಎಂದು ಕೇಳಿಯೇಬಿಟ್ಟೆ. ನಿಮಗೋಸ್ಕರಾನೇ ಅತ್ತಿಗೆ ಅಂದಳು. ನಿಮ್ಮ ಬ್ರಷ್ ಡಬ್ಬಿ ಬಂತಲ್ಲ, ಅದರ ಚೀಟೀಲಿ, ಇದನ್ನ ಮಾಡಿದವರು ಯಾವ ದಿನ ಬೇಕಾದ್ರೂ ನೋಡೋಕೆ ಬರಬಹುದು ಅಂತ ಇತ್ತಂತೆ. ಅವತ್ತಿಂದ ಶುರು. ಬಸ್ಸಿನ ಸದ್ದಾದರೆ ಗೇಟಿಗೆ ಬಂದು ನಿಂತ್ಕೋತಾನೆ, ಕೇಳಿದ್ರೆ ಗೇಟಿನ ಬೀಗ ನೋಡ್ತಿದ್ದೆ ಅಂತಾನೆ ಅಂದಳು.

ಫೋನು ಇಟ್ಟು ನಾನು ನಮ್ಮ ಒಲೆ ವಿಭಾಗದ ಹಿಂದೆ ಹೋಗಿ ನಿಂತೆ. ಬ್ರಷ್‌ಗಳನ್ನು ಸುಡುವ ಜಾಗ, ಅಲ್ಲಿ ಯಾರ ಕಣ್ಣು ಕೆಂಪಾದರೂ ಕೇಳುವುದಿಲ್ಲ. ಅತ್ತುಬಿಟ್ಟೆ, ಬಚ್ಚಿಡುವುದೇನು. ಕಣ್ಣೊರೆಸಿಕೊಂಡ ಕೈಯಲ್ಲಿ ಇಂಗಾಲ ಇದ್ದದ್ದು ಮರೆತೇ ಹೋಗಿತ್ತು. ಮುಖ ನೋಡಿ ಮ್ಯಾನೇಜರು ಗಾಬರಿಯಾದರು. ಚೀಟಿಯ ಆ ಸಾಲು ಎಲ್ಲ ಡಬ್ಬಿಗೂ ಹಾಕುವ ಮಾಮೂಲಿ ಸಾಲು ಕಣ್ರೀ. ಅದನ್ನು ಯಾರೂ ಓದುವುದಿಲ್ಲ. ನೀವು ಓದಿದ್ದೀರಿ.

ಈಗ ಹೊಲಿಗೆ ಯಂತ್ರದ ಮಾತು. ಅದನ್ನು ಆಡದೆ ಈ ಕಾಗದ ಮುಗಿಸಿದರೆ ನನಗೆ ಸಮಾಧಾನವಿಲ್ಲ. ನನ್ನ ಮೊದಲ ಬ್ರಷ್ಷನ್ನು, ಆ ಎಂದೂ ಸವೆಯದ ಬ್ರಷ್ಷನ್ನು, ನಿಮ್ಮನ್ನು ಒಂದು ಮಾತು ಕೇಳದೆ ಅತ್ತೆಯವರ ಹೊಲಿಗೆ ಯಂತ್ರದ ಮೋಟಾರಿಗೆ ಹಾಕಿದೆ. ಮಿಕ್ಸಿ, ಡ್ರಿಲ್ಲು ಎಲ್ಲಕ್ಕೂ ಹಾಕಿ ನೋಡಿದ್ದೆ, ಅದೊಂದು ಉಳಿದಿತ್ತು. ಬ್ರಷ್ ಸವೆಯಲಿಲ್ಲ ನಿಜ, ಒಳಗಿನ ತಾಮ್ರವನ್ನೇ ಕೊರೆದು ತಿಂದುಹಾಕಿತು. ಅತ್ತೆಯವರು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ನೀವು ಆ ಮೋಟಾರು ಕೈಯಲ್ಲಿ ಹಿಡಿದು ನಿಂತಿರುವಾಗ ನಾನು, ಅದಕ್ಕೇನು, ಹೊಸದು ತಂದರಾಯಿತು ಎಂದೆ. ಅಂಥ ಮಾತು ಆಡಬಾರದಿತ್ತು. ನೀವು, ನಿನ್ನ ಬ್ರಷ್ಷೂ ನಿನ್ನ ಥರಾನೇ, ತಾನು ಸವೆಯಲ್ಲ, ಎದುರಿಗಿದ್ದೋರನ್ನ ಸವೆಸುತ್ತೆ ಅಂದಿರಿ. ನನಗೆ ಮೈಯೆಲ್ಲ ಉರಿದುಹೋಯಿತು. ಮರುವಾರವೇ ಕಂಪನಿ ಕ್ವಾರ್ಟರ್ಸ್ ಕೇಳಿ ಪಡೆದು, ನಾಲ್ಕು ಜನರಿಂದ ತವರಿನ ಬೀರು ಹೊರಿಸಿಕೊಂಡು ಬಂದೆ. ಅವರು ಮೆಟ್ಟಿಲು ಇಳಿಸುವಾಗ ನೀವು ಬೀರಿನ ಕನ್ನಡಿಯಲ್ಲಿ ಕೊನೆಯ ಸಲ ಮೀಸೆ ಸವರಿಕೊಂಡಿರಿ. ಆ ಸಿಟ್ಟಿನಲ್ಲೂ ನನಗೆ ನಗು ಬಂದಿತ್ತು, ತೋರಿಸಲಿಲ್ಲ.

ಅತ್ತೆಯವರ ಮೋಟಾರು ಕಾಣುತ್ತಿಲ್ಲ ಎಂದು ನೀವು ಮನೆಯೆಲ್ಲ ಜಾಲಾಡಿದಿರಂತೆ. ಅದು ನನ್ನ ಹತ್ತಿರ ಇದೆ. ಬೀರಿನೊಳಗೆ ಸೀರೆಯಲ್ಲಿ ಸುತ್ತಿ ತಂದಿದ್ದೆ. ಇಲ್ಲಿ ತಾಮ್ರವನ್ನು ಹೊಸದಾಗಿ ಕಡೆಸಿ ಕೂರಿಸಿ, ಬ್ರಷ್ಷಿನ ಮಿಶ್ರಣವನ್ನು ಇಪ್ಪತ್ತೆಂಟು ಸಲ ಬದಲಿಸಿದೆ. ನಿಮ್ಮ ಮಾತು ಬೆನ್ನಿಗೆ ಬಿದ್ದಿತ್ತಲ್ಲ. ಬ್ರಷ್ ಎಂದೂ ಸವೆಯಬಾರದು ಎಂದು ನಾನು ಹತ್ತು ವರ್ಷ ಹಟ ಹಿಡಿದದ್ದೇ ತಪ್ಪು. ಎದುರಿನ ಲೋಹ ಉಳಿಯಬೇಕಾದರೆ ಬ್ರಷ್ ಸ್ವಲ್ಪ ಮೆತ್ತಗಿರಬೇಕು, ತಾನು ನಿಧಾನವಾಗಿ ಸವೆಯಬೇಕು. ಆ ಮೋಟಾರು ಈಗ ಒಂಬತ್ತು ತಿಂಗಳಿಂದ ನನ್ನ ಕೋಣೆಯಲ್ಲಿ ಓಡುತ್ತಿದೆ. ನೀವು ಹೇಳಿದ್ದೇ ಸರಿ, ನಾನು ಮಾಡಿದ್ದೇ ತಪ್ಪು. ನೋಡಿ, ಬರೆದಿದ್ದೇನೆ, ಬೇಕಾದರೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ. ಆದರೆ ದಯವಿಟ್ಟು ಇದನ್ನು ಸಂಸಾರಕ್ಕೆ ಹೋಲಿಸಿ ಮಾತಾಡಬೇಡಿ. ಒಂದು ಸಲ ಹೋಲಿಸಿದ್ದಕ್ಕೆ ಹದಿನಾಲ್ಕು ತಿಂಗಳಾಯಿತು.

ಇನ್ನು ಶುಕ್ರವಾರದ ವರದಿ. ಮೂರು ಸಲ ಬರೆದು ಹರಿದೆ. ನಿಜ ಬರೆಯಬೇಕೆಂದರೆ "ಕಾರಣ: ವಿನ್ಯಾಸಕಿಯು ಬೀರು ಕೊಂಡೊಯ್ದದ್ದು" ಎಂದು ಬರೆಯಬೇಕು. ಸ್ಪ್ರೇ ವಿಷಯ ಹೆಸರು ಹಾಕಿ ಬರೆದರೆ ನಿಮ್ಮ ಇಲಾಖೆಯಲ್ಲಿ ನೀವು ರಿಟೈರ್ ಆಗುವವರೆಗೂ ಅದೇ ಮಾತು. ನಿಮ್ಮನ್ನು ನೋಡಿ ನಗುವ ಹಕ್ಕು ನನ್ನೊಬ್ಬಳದು, ಊರವರಿಗೆ ಕೊಡುವುದಿಲ್ಲ. ಅದಕ್ಕೆ, ಗಾಳಿ ಜಾಲರಿಯ ಬಳಿ ಸಿಲಿಕೋನ್ ಇರುವ ವಸ್ತುವಿನ ಬಳಕೆ ಎಂದಷ್ಟೇ ಬರೆಯುತ್ತೇನೆ. ಇನ್ನು ಮುಂದೆ ನಮ್ಮ ಪ್ರತಿ ಡಬ್ಬಿಯ ಚೀಟಿಯಲ್ಲೂ "ಮೋಟಾರಿನ ಬಳಿ ಯಾವುದೇ ಸ್ಪ್ರೇ ಬಳಸಕೂಡದು" ಎಂದು ಅಚ್ಚಾಗುತ್ತದೆ. ಅಷ್ಟರಮಟ್ಟಿಗೆ ನಿಮ್ಮ ಕೂದಲು ಚಿರಸ್ಥಾಯಿ.

ಆದರೆ ಬಾಯಿಮಾತು ಸಾಲದು ಎಂದಿದ್ದಾರೆ ಮ್ಯಾನೇಜರು. ಅದೇ ಮೋಟಾರಿನ ಉಂಗುರ ಒರೆಸಿ, ಹೊಸ ಬ್ರಷ್ ಹಾಕಿ, ಇಪ್ಪತ್ತು ದಿನ ಸ್ಪ್ರೇ ಇಲ್ಲದೆ ಓಡಿಸಿ, ಯಾರಾದರೂ ಅಲ್ಲೇ ಇದ್ದು ದಿನಾ ಅಳೆಯಬೇಕು. ಆಗಲೂ ಸವೆದರೆ ನನ್ನ ಬ್ರಷ್ಷಿಗೆ ಅಲ್ಲಿಗೇ ಮುಕ್ತಾಯ. ಯಾರನ್ನ ಕಳಿಸೋಣ ಎಂದು ಅವರು ಕೇಳಿ ಮುಗಿಸುವ ಮೊದಲೇ ನಾನು ಹೋಗ್ತೀನಿ ಎಂದೆ. ಗೆಸ್ಟ್ ಹೌಸ್ ಹೇಳಲಾ ಎಂದರು. ಬೇಡ ಸಾರ್, ಆ ಊರಲ್ಲಿ ನನಗೆ ಪರಿಚಯದವರಿದ್ದಾರೆ ಎಂದೆ. ಇದ್ದಾರೋ ಇಲ್ಲವೋ ನೀವು ಹೇಳಬೇಕು.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಒಂದು ಕೈಯಲ್ಲಿ ಹೊಸ ಬ್ರಷ್ ಡಬ್ಬಿ, ಇನ್ನೊಂದರಲ್ಲಿ ಅತ್ತೆಯವರ ಮೋಟಾರು ಇರುತ್ತದೆ, ಚೀಲ ಹಿಡಿಯಲು ಕೈ ಇರುವುದಿಲ್ಲ. ನಿಮಗೆ ಇಷ್ಟವಿದ್ದರೆ ಗೇಟಿನ ಬೀಗ ನೋಡುವುದು ಬಿಟ್ಟು ಬಸ್‌ಸ್ಟ್ಯಾಂಡಿಗೇ ಬನ್ನಿ. ಇಲ್ಲದಿದ್ದರೆ ಬೇಡ, ನಾನು ಲಾಡ್ಜ್‌ನಲ್ಲಿದ್ದುಕೊಂಡು ಅಳತೆ ಮಾಡಿ ವಾಪಸು ಹೋಗುತ್ತೇನೆ, ಒಂದು ಮಾತೂ ಆಡುವುದಿಲ್ಲ. ಬರುವುದಾದರೆ ತಲೆಗೆ ಏನೂ ಹೊಡೆದುಕೊಂಡು ಬರಬೇಡಿ. ಇರುವಷ್ಟು ಕೂದಲು ಇರುವ ಹಾಗೇ ಸಾಕು. ಬೀರು ಈ ಸಲ ತರಲಾಗುವುದಿಲ್ಲ, ಅದಕ್ಕೆ ಲಾರಿ ನೋಡಬೇಕು.

ಇಂತು,
ಇಪ್ಪತ್ತಾರು ವರ್ಷದಿಂದ ನೀವು ಕರೆಯುವ ಹೆಸರಿನಲ್ಲೇ,
ನಿಮ್ಮ ಮಸಿಯಮ್ಮ

ಮರೆತ ಮಾತು: ನಲವತ್ತು ಪಂಪ್‌ಹೌಸುಗಳ ಪಟ್ಟಿ ನನ್ನ ಮೇಜಿಗೇ ಬಂದಿತ್ತು, ಗುರುತು ಹಾಕಿದ ಪೆನ್ನು ನನ್ನದೇ. ನನ್ನ ಕೆಲಸದಲ್ಲಿ ತಪ್ಪು ಹುಡುಕಲು ನಿಮ್ಮಷ್ಟು ಶ್ರದ್ಧೆ ಇರುವವರು ಬೇರೆ ಯಾರಿದ್ದಾರೆ, ದೂರು ಬರೆಯುವ ನೆಪದಲ್ಲಾದರೂ ಬರೆಯುತ್ತೀರಿ ಎಂದುಕೊಂಡೆ. ಇನ್ನೊಂದು, ಮೇಲೆ ಮಾಮೂಲಿ ಸಾಲು ಎಂದು ಬರೆದೆನಲ್ಲ, ಮಾಡಿದವರು ಯಾವ ದಿನ ಬೇಕಾದರೂ ಬರಬಹುದು ಎಂಬುದು, ಅದು ಸುಳ್ಳು. ಉಳಿದೆರಡು ಡಬ್ಬಿಗಳಲ್ಲಿ ಆ ಸಾಲು ಇಲ್ಲ. ನಿಮ್ಮ ಡಬ್ಬಿಯ ಚೀಟಿಯನ್ನು ಮಾತ್ರ ನಾನೇ ಕೂತು ಬೇರೆಯಾಗಿ ಟೈಪ್ ಮಾಡಿದ್ದೆ.