ಗೋಡೆಯ ಮೇಲಿನ ನ್ಯೂಟ್

೧೪ ಜುಲೈ ೨೦೨೫, ಸೋಮವಾರ

ನನ್ನ ನ್ಯೂಟಿಗೆ ಇವತ್ತೂ ಯಾರೋ ಅರಿಶಿನ ಕುಂಕುಮ ಹಚ್ಚಿದ್ದರು. ಐದನೇ ತರಗತಿಯ ಗೋಡೆಗೆ ನಾನೇ ಬರೆದ ಚಿತ್ರ ಅದು. ಈಶಾನ್ಯ ಭಾರತದ ಬೆಟ್ಟಗಳ ನಿತ್ಯಹರಿದ್ವರ್ಣ ಕಾಡಿನ ಜೀವಿ. ಹಲ್ಲಿಯಂತೆ ಬಾಲವಿದ್ದರೂ ಕಪ್ಪೆಯ ದಾಯಾದಿ. ಮೈಮೇಲಿನ ಕಿತ್ತಳೆ ಗಂಟುಗಳನ್ನು ಕಂಡ ಊರಿನವರಿಗೆ ಮಾತ್ರ ಅದು ಕಂಚಿಯ ಬಂಗಾರದ ಹಲ್ಲಿ. ಮುಟ್ಟಿದರೆ ಮೈಮೇಲೆ ಹಲ್ಲಿ ಬಿದ್ದ ದೋಷ ಪರಿಹಾರ. ಕಂಚಿಯವರೆಗೆ ಬಸ್ಸಿನಲ್ಲಿ ನಿಲ್ಲುವ ಕಷ್ಟವೂ ಇಲ್ಲ.

ಮಕ್ಕಳೆದುರೇ ಒದ್ದೆ ಬಟ್ಟೆಯಿಂದ ಒರೆಸಿದೆ. ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಗಂಗುಲಪ್ಪ ಬಂದರು. ಜೊತೆಗೆ ಮಂಡಿಕಲ್‌ನ ಮುನಿಗಂಗಮ್ಮ. ಆಕೆಯ ಹೆಗಲ ಮೇಲೆ ನಿನ್ನೆ ಹಲ್ಲಿ ಬಿದ್ದಿತ್ತಂತೆ. ಆಕೆ ಬಂದವರೇ ಚಿತ್ರ ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಏನ್ ಮೇಷ್ಟ್ರೇ, ದೇವ್ರ ಮೈ ಒರೆಸ್ತೀರಾ?” ಎಂದರು ಗಂಗುಲಪ್ಪ.

“ದೇವ್ರಲ್ಲ ಗಂಗುಲಪ್ಪನೋರೆ, ಪಾಠ.”

“ಹಂಗಾದ್ರೆ ಸುಣ್ಣ ಬಳೀರಿ. ಇಲ್ಲಾ, ಪೂಜೆಗೆ ಬಿಡಿ.”

“ಎರಡೂ ಆಗಲ್ಲ” ಎಂದೆ. ಕುಂಚ ತೆಗೆದುಕೊಂಡು ಚಿತ್ರದ ಕೆಳಗೆ ನಾಲ್ಕು ಸಾಲು ಬರೆದೆ. ಹರಿಣಿ ಎಂಬ ಹುಡುಗಿ ಜೋರಾಗಿ ಓದಿದಳು:

ಹಲ್ಲಿಯಲ್ಲ, ಹರಕೆ ಬೇಡ,
ಮಲ್ಲಿಗೆಯ ಸರವೂ ಬೇಡ;
ಕಪ್ಪೆ ನನ್ನ ಕುಲದ ಅಣ್ಣ,
ಒಪ್ಪಿ ನೋಡು ನನ್ನ ಬಣ್ಣ.

“ಅಯ್ಯೋ, ಕಪ್ಪೆ ಜಾತೀನಾ ಇದು? ಮೊದ್ಲೇ ಹೇಳ್ಬಾರ್ದೇನಪ್ಪಾ!” ಎಂದು ಮುನಿಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡರು. ಮಕ್ಕಳೆಲ್ಲ ನಕ್ಕರು. ಗಂಗುಲಪ್ಪ ನಗಲಿಲ್ಲ. “ನಿಮ್ಮನ್ನ ವರ್ಗ ಮಾಡಿಸ್ದೆ ಬಿಡಲ್ಲ” ಎಂದು ಹೊರಟರು.

ಮಾಡಿಸಲಿ. ಹೋಗುವ ಊರಿನ ಶಾಲೆಗೂ ಗೋಡೆ ಇದ್ದೇ ಇರುತ್ತದೆ. ಡಬ್ಬಿಯಲ್ಲಿ ಕಿತ್ತಳೆ ಬಣ್ಣ ಅರ್ಧ ಉಳಿದಿದೆ. ಈ ಸಲ ಇನ್ನೂ ದೊಡ್ಡದಾಗಿ, ಬಾಗಿಲಿನ ಪಕ್ಕದಲ್ಲೇ…