ತಟ್ಟಿಯ ಆಚೆಯ ಹುಗ್ಗಿ

ಇಂಡಿ, 3 ಮೇ 1958, ಶನಿವಾರ, ಸಂಜೆ

…ಅಂತೂ ಒಪ್ಪಿಕೊಂಡೆ. ನಿನ್ನೆ ಎರಡು ಪುಟ ಸುತ್ತಿ ಸುತ್ತಿ ಬರೆದು ಕೊನೆಗೆ ಬಂದು ನಿಂತದ್ದು ಇಲ್ಲಿಗೇ. ಲಗ್ನದ ಕೆಲಸಕ್ಕೆ ಬರ್ತೀರೇನು ಎಂದು ಬಾಬುಲಾಲ ಕೇಳಿದ. ಹೂಂ ಅಂದೆ. ಮುಗಿಯಿತು.

ಅವನನ್ನು ಅನ್ನುವಂತಿಲ್ಲ. ಹೆಂಡತಿಯ ಅಣ್ಣನ ಮಗ. ಹೆಂಡತಿ ಖಾತುನಬಿ ತೀರಿಹೋದಳು, ಮುದ್ದೇಬಿಹಾಳದ ಜಿನ್ನಿಂಗ್ ಫ್ಯಾಕ್ಟರಿಗೆ ಬೀಗ ಬಿತ್ತು, ಗುಮಾಸ್ತನಾಗಿದ್ದ ನನಗೆ ಸಲಾಂ ಹೇಳಿದರು. ಆಗ 'ಬರ್ರಿ ಮಾಮಾ' ಎಂದು ಕರೆದು ತನ್ನ ಪಾತ್ರೆಗಳ ಕೋಣೆಯಲ್ಲಿ ಒಂದು ಮೂಲೆ ಕೊಟ್ಟವನು ಇವನೊಬ್ಬನೇ. ಮದುವೆ ಊಟದ ಕಾಂಟ್ರ್ಯಾಕ್ಟ್ ಅವನದು. ಪಾತ್ರೆ, ಅಡಿಗೆಯವರು, ಬಡಿಸುವವರು, ಎಲ್ಲ ಅವನೇ ಒಯ್ಯುತ್ತಾನೆ. ಎಂಟು ತಿಂಗಳು ಕೂತು ಉಂಡಿದ್ದೇನೆ. ಏಳು ಎಂದರೆ ಏಳಬೇಕು.

ನಾಲತವಾಡದಲ್ಲಿ ಹುಟ್ಟಿದವನಿಗೆ ಇಂಡಿ ಅಂದರೆ ಫಾರಿನ್. ಜೊತೆಗೆ ಇಂಟರ್ ಓದಿದವನೊಬ್ಬ ಬ್ಯಾರಿಸ್ಟರ್ ಆಗಲು ವಿಲಾಯತಿಗೆ ಹೋದ. ನಾನು ಇಂಗ್ಲಿಷಿನಲ್ಲೇ ಫೇಲಾಗಿ, ಮೂವತ್ತು ವರ್ಷ ತಿರುಗಿ, ಇಂಡಿಗೆ ಬಂದೆ. ಇಲ್ಲಿ ನನ್ನ ತಂದೆ ಯಾರೆಂದು ಒಬ್ಬರಿಗೂ ಗೊತ್ತಿಲ್ಲ. ದಾವಲಮಲಿಕ ಎಂಬ ನನ್ನ ಹೆಸರು ಕೂಡ ಅಪರೂಪಕ್ಕೆ ಕೇಳುತ್ತದೆ. ಬಾಬುಲಾಲನ ಮಾಮಾ, ಅಷ್ಟೇ.

ನಾಳೆ ದೇವಣಗಾಂವ. ಜೈನುದ್ದೀನ ಸಾಹುಕಾರರ ಮಗಳ ಲಗ್ನ. ಮೊದಲ ಡ್ಯೂಟಿ. ಐವತ್ತೆರಡಕ್ಕೆ ಪ್ರೊಬೇಷನ್!

5 ಮೇ, ಸೋಮವಾರ, ಮಧ್ಯಾಹ್ನ

ನಿನ್ನೆಯದನ್ನು ಬರೆದೇ ಬಿಡಬೇಕು. ಸೊಂಟ ನನ್ನದಲ್ಲ ಅನ್ನಿಸುತ್ತಿದೆ. ಲಾರಿಯಲ್ಲಿ ಹಂಡೆಗಳ ಮೇಲೆ ಕೂತು ಹೋದದ್ದು, ಕೂತು ಬಂದದ್ದು.

ನಮ್ಮ ಕಡೆ ಮುಸಲ್ಮಾನರ ಲಗ್ನವೆಂದರೆ ಎರಡು ಅಡಿಗೆ. ನಡುವೆ ಜೋಳದ ದಂಟಿನ ತಟ್ಟಿ. ಈಚೆ ಮಾಂಸದ ಒಲೆಗಳು. ಆಚೆ ಊರಿನ ಹಿಂದೂ ಮಂದಿಗೆ ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಆಚೆಯ ಪಾತ್ರೆಗಳ ಕುತ್ತಿಗೆಗೆ ಸುಣ್ಣದ ಗೆರೆ. ಅಡಿಗೆ ಮಾಡುವವರು ಅವರವರೇ, ನೀರು ತರುವವನೂ ಅವರವನೇ. ಇಷ್ಟು ನಡೆಸಿದರೆ ಊರೆಲ್ಲ ಬಂದು ಕೂತು ಉಣ್ಣುತ್ತದೆ. ಉಣ್ಣದೆ ಎದ್ದು ಹೋದರೆ ಹೆಣ್ಣಿನ ತಂದೆ ಆ ಊರಲ್ಲಿ ತಲೆ ಎತ್ತುವಂತಿಲ್ಲ. ಹುಟ್ಟಿದಾಗಿನಿಂದ ಕಂಡದ್ದೇ. ಊಟಕ್ಕೆ ಹೋದಾಗ ಇದರ ಕಡೆ ಲಕ್ಷ್ಯ ಕೊಟ್ಟವನಲ್ಲ.

ನನ್ನ ಕೆಲಸ ಚಪ್ಪರದ ಬಾಗಿಲಲ್ಲಿ ಎಲೆ ಅಡಿಕೆ ಕೊಡುವುದು. ಎಲೆ ಅಡಿಕೆ ಒಣ ಪದಾರ್ಥ, ನಮ್ಮ ಕೈಯಿಂದ ನಡೆಯುತ್ತದೆ.

"ಮಾಮಾ, ನೀವು ಕಲಿತವ್ರು. ಬಂದವ್ರ ಕೂಡ ನಾಕು ಮಾತಾಡ್ರಿ, ನಗ್ರಿ. ತಟ್ಟಿ ಮಾತ್ರ ದಾಟಬ್ಯಾಡ್ರಿ," ಎಂದು ಬಾಬುಲಾಲ ಹೇಳಿದ್ದ. ಎರಡು ಸಲ ಹೇಳಿದ್ದ.

ಆಚೆಯ ಒಲೆಗಳ ಯಜಮಾನಿ ಗುಂಡವ್ವ. ಇಂಡಿಯವಳೇ, ಗಂಡ ಇಲ್ಲ, ಲಗ್ನದ ಅಡಿಗೆಯಲ್ಲೇ ಹೊಟ್ಟೆ ಹೊರೆದವಳು. ಲಾರಿಯಲ್ಲೇ ಶುರುಮಾಡಿದ್ದಳು.

"ಏನ್ರಿ ಮಲಿಕಸಾಬ್ರ, ಅಷ್ಟು ಇಂಗ್ಲೀಷ ಕಲಿತು ಎಲಿ ಮಡಚಾಕ ಬಂದ್ರೇನು?"

"ಎಲಿ ಮಡಚಾಕ ಇಂಗ್ಲೀಷ ಬೇಕಾಗೂದಿಲ್ಲ ಗುಂಡವ್ವ."

"ಹಂಗಾರ ನಾನೂ ನಿಮ್ಮಷ್ಟ ಕಲಿತೇನಿ ಅನ್ರಿ!"

ಲಾರಿಯೆಲ್ಲ ನಕ್ಕಿತು. ನಾನೂ ನಕ್ಕೆ. ಬೇರೇನು ಮಾಡಲಿ.

ಊರ ಹಿರಿಯ ಚಂದಪ್ಪ ಬೆಳಗಿನಿಂದ ಮೂರು ಸಲ ಬಂದು ಹೋದರು. ತಲೆಗೆ ಬಿಳಿ ಪಟಗಾ, ಕೈಯಲ್ಲಿ ಬಡಿಗೆ. ಪ್ರತಿಸಲ ಅದೇ ಪ್ರಶ್ನೆ. "ನೀರು ಯಂಕಪ್ಪನೇ ತಂದಾನಲ್ಲ? ಯಾರೂ ಕೈ ಹಚ್ಚಿಲ್ಲಲ್ಲ? ಚಂದಪ್ಪ ಕಣ್ಣಿಲೆ ನೋಡ್ಯಾನ, ಕೂಡ್ರಿ ಅಂತ ಊರಿಗೆಲ್ಲ ಹೇಳೇನಿ. ನನ್ನ ಮಾತು ಹೋಗಬಾರದು ನೋಡ್ರಿ." ಇಲ್ರಿ, ಇಲ್ರಿ ಎಂದು ಎಲೆ ಕೊಟ್ಟೆ.

ಹನ್ನೊಂದರ ಹೊತ್ತಿಗೆ ಗಂಡಿನ ದಿಬ್ಬಣ ಬಂತು. ಸಿಂದಗಿಯ ಬ್ಯಾಂಡು. ಆಚೆಯ ಹೆಣ್ಣುಮಕ್ಕಳೆಲ್ಲ ಸೆರಗು ಸಿಕ್ಕಿಸಿಕೊಂಡು ನೋಡಲು ಓಡಿದರು. ಗುಂಡವ್ವ ಬೆಲ್ಲ ಸಾಲದೆಂದು ಮನೆಯೊಳಗೆ ಕೇಳಲು ಹೋಗಿದ್ದಳು. ನಾನು ಕೂತೇ ಇದ್ದೆ, ಕಾಲು ಜೋಮು ಹಿಡಿದಿತ್ತು.

ವಾಸನೆ ಬಂತು. ಹುಗ್ಗಿ ತಳ ಹತ್ತುವ ವಾಸನೆ, ಮೊದಮೊದಲು ಬರುತ್ತದಲ್ಲ, ಆ ಸಿಹಿ ವಾಸನೆ. ಖಾತುನಬಿಗೆ ರಟ್ಟೆಯಲ್ಲಿ ಬಲವಿರಲಿಲ್ಲ. ಹಬ್ಬಕ್ಕೆ, ಬೀಗರು ಬಂದಾಗ, ಇಪ್ಪತ್ತೈದು ವರ್ಷ ಹುಗ್ಗಿ ತಿರುವಿದವನು ನಾನು. ಈ ವಾಸನೆ ಬಂದ ಮೇಲೆ ಯೋಚಿಸುತ್ತ ಕೂಡುವುದು ನನ್ನ ಮೈಗೆ ಗೊತ್ತಿಲ್ಲ.

ಯಾವಾಗ ಎದ್ದೆ, ಯಾವಾಗ ತಟ್ಟಿ ದಾಟಿದೆ, ನೆನಪಿಲ್ಲ. ನಮ್ಮ ಒಲೆಯ ಮೇಲಿನ ಹಂಡೆಯಿಂದ ಒಂದು ಬಕೆಟ್ ಬಿಸಿನೀರು ಎತ್ತಿಕೊಂಡಿದ್ದೆ, ಅದು ನೆನಪಿದೆ. ಒಲೆಯಿಂದ ಕಟ್ಟಿಗೆ ಹಿರಿದು ಉರಿ ತಗ್ಗಿಸಿದೆ. ನೀರು ಹುಗ್ಗಿಗೆ ಹೊಯ್ದೆ. ಮರದ ಹುಟ್ಟು ಹಿಡಿದು ತಳ ಮುಟ್ಟದಂತೆ, ಮೇಲಿಂದ ಮೇಲೆ, ನಿಧಾನವಾಗಿ ತಿರುವಿದೆ. ಹತ್ತಿದ್ದು ಹತ್ತಿದಲ್ಲೇ ಉಳಿಯಿತು. ವಾಸನೆ ಹೋಯಿತು. ಎಷ್ಟು ಚೆನ್ನಾಗಿ ಕೂಡಿ ಬಂತೆಂದರೆ… ಬೆಣ್ಣೆ.

ತಲೆ ಎತ್ತಿದರೆ ಗುಂಡವ್ವ. ಎರಡೂ ಕೈಯಲ್ಲಿ ಬೆಲ್ಲ.

"ತಳ ಹತ್ತಿತ್ತೇನ್ರಿ?"

"ಹತ್ತಾಕ ಹತ್ತಿತ್ತು."

"ನೀರ ಎಲ್ಲೀದು?"

ಬಕೆಟ್ ಕಡೆ ನೋಡಿದೆ. ಕುತ್ತಿಗೆಗೆ ಸುಣ್ಣದ ಗೆರೆ ಇರಲಿಲ್ಲ. ಆಗ ನನಗೆ ತಿಳಿಯಿತು.

ಅವಳು ಸುತ್ತ ನೋಡಿದಳು. ಬೆಲ್ಲ ಕೆಳಗಿಟ್ಟಳು. ನನ್ನ ಕೈಯಿಂದ ಹುಟ್ಟು ಕಿತ್ತುಕೊಂಡಳು.

"ಮುನ್ನೂರು ಮಂದಿ ಕೂಡೂ ಹೊತ್ತು. ಮತ್ತೊಂದು ಹುಗ್ಗಿ ಮಾಡಾಕ ಗೋದಿ ಇಲ್ಲ, ಹೊತ್ತೂ ಇಲ್ಲ. ನೀವು ಇಲ್ಲಿ ಬಂದಿಲ್ಲ, ನಾ ನೋಡಿಲ್ಲ. ಬಕೆಟ್ ತಗೊಂಡು ಹೋಗ್ರಿ… ಹೋಗ್ರಿ ಅಂದ್ರ!"

ಹೋದೆ. ಬಾಗಿಲಲ್ಲಿ ಕೂತೆ. ಎಲೆ ಮಡಚಿದೆ.

ಮುನ್ನೂರು ಮಂದಿ ಉಂಡರು. ಚಂದಪ್ಪ ಕೈ ತೊಳೆದು ಬಂದು ಎಲೆ ಇಸಿದುಕೊಳ್ಳುತ್ತ, "ಮಲಿಕಸಾಬ್ರ, ಹಿಂಥಾ ಹುಗ್ಗಿ ನಮ್ಮವ್ವ ಹೋದ ಮ್ಯಾಲ ಉಂಡಿದ್ದಿಲ್ಲ," ಅಂದರು.

ಹೌದ್ರಿ ಅಂದೆ.

6 ಮೇ

ಸೊಂಟ. ಎದ್ದಿಲ್ಲ.

11 ಮೇ, ರವಿವಾರ

ನೀರಿನ ಯಂಕಪ್ಪ ನೋಡಿದ್ದಾನೆ. ಹೊಳೆಯಿಂದ ಕೊಡ ಹೊತ್ತು ಬರುವಾಗ ದೂರದಿಂದ ನೋಡಿದ್ದಾನೆ. ಅಂದು ಸುಮ್ಮನಿದ್ದ. ರಾಡಿ ನೀರು ತಂದನೆಂದು ಗುಂಡವ್ವ ನಾಕು ಮಂದಿಯೆದುರು ಬೈದಿದ್ದಳಂತೆ, ಆ ಸಿಟ್ಟಿಗೆ ಈಗ ಊರ ಕಟ್ಟೆಯ ಮೇಲೆ ಕೂತು ಹೇಳಿದ್ದಾನೆ. ದೇವಣಗಾಂವದಿಂದ ಇಂಡಿಗೆ ಸುದ್ದಿ ಬರಲು ಬಸ್ಸು ಬೇಕಾಗಿಲ್ಲ.

ಬಾಬುಲಾಲ ಬಾಗಿಲಲ್ಲೇ ನಿಂತು ಕೇಳಿದ. ಒಳಗೆ ಬರಲಿಲ್ಲ.

"ಮಾಮಾ, ದಾಟೀರೇನು?"

ಎದ್ದು ನಿಂತೆ.

"ನನಗ ಹೇಳಬ್ಯಾಡ್ರಿ, ಬ್ಯಾಡ. ಗುರುವಾರ ಚಂದಪ್ಪ ಬರ್ತಾನಂತ, ಊರವ್ರನ ಕರಕೊಂಡು. ಅವ್ರಿಗೆ ಏನ್ ಹೇಳ್ತೀರಿ ಅದನ್ನ ಯೋಚನಿ ಮಾಡ್ರಿ. ಹೌದಂದ್ರ ನಾಳಿಂದ ಒಂದ ಹಿಂದೂ ಮನಿಯವ್ರು ನನ್ನ ಚಪ್ಪರದಾಗ ಕೂಡೂದಿಲ್ಲ. ನಾ ಮಟನ್ ಮಾಡಿಕೊಂಡರ ಬದುಕ್ತೇನಿ. ಆಕಿ?"

ಆಕಿ ಅಂದರೆ ಗುಂಡವ್ವ.

ಒಂದು ಅರ್ಜಿ ಬರೆಯೋಣವೆನ್ನಿಸಿತು. ಐ ಬೆಗ್ ಟು ಸ್ಟೇಟ್ ದಟ್… ಫ್ಯಾಕ್ಟರಿಯಲ್ಲಿ ನೂರು ಸಲ ಬರೆದದ್ದು. ಮುಂದಿನದು ಬರಲಿಲ್ಲ. ಯಾರಿಗೆ ಬರೆಯಲಿ.

12 ಮೇ

ಗುಂಡವ್ವನ ಮನೆಗೆ ಹೋದೆ. ಹೊರಗೆ ಕಟ್ಟೆಯ ಮೇಲೆ ಕೂತೆ. ಅವಳು ಹೊಸ್ತಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದಳು.

ಮುನ್ನೂರು ಮಂದಿಗೆ ತಿಳಿಯದಂತೆ ಉಣಿಸಿದ್ದೇವೆ, ಅವರ ನಂಬಿಕೆ ಅವರಿಗೆ ದೊಡ್ಡದು, ಸುಳ್ಳು ಹೇಳಲು ಮನಸ್ಸು ಬರುವುದಿಲ್ಲ ಎಂದೆ. ಬಹಳ ಹೊತ್ತು ಮಾತಾಡಿದೆ ಅನ್ನಿಸುತ್ತದೆ. ನನ್ನ ಚಟ.

ಅವಳು ಬೇಳೆಯಿಂದ ಕಣ್ಣು ತೆಗೆಯಲಿಲ್ಲ.

"ನೀವು ಹೌದಂದು ಹಗರ ಆಗ್ತೀರಿ. ನನ್ನ ಕೈಯಾಗಿನ ಹುಟ್ಟು ಹೋಗತೈತಿ. ಈ ವಯಸ್ಸಿನಾಗ ನನಗ ಎಲಿ ಮಡಚೂ ಕೆಲಸಾ ಯಾರ ಕೊಡ್ತಾರ್ರಿ?"

ಸಿಟ್ಟಿನಿಂದ ಅಂದದ್ದಲ್ಲ. ದಣಿದಿದ್ದಳು. ನಾನು ಹೊರಡುವಾಗ, "ಹಂಗ ನೋಡಿದ್ರ ಆವತ್ತು ನೀವು ಬರದಿದ್ರೂ ಹುಗ್ಗಿ ಹೊತ್ತಿ ನನ್ನ ಹೆಸರು ಹೋಗತಿತ್ತು. ಎರಡೂ ಕಡೆ ಸಾವು," ಎಂದು ನಕ್ಕಳು.

15 ಮೇ, ಗುರುವಾರ

ಬಂದರು. ಹೋದರು.

ಚಂದಪ್ಪ ಇಬ್ಬರು ಹಿರಿಯರನ್ನು ಚಹಾದ ಅಂಗಡಿಯಲ್ಲಿ ಕೂಡಿಸಿ ತಾವೊಬ್ಬರೇ ಮುಂದೆ ಬಂದಿದ್ದರು. ಪಾತ್ರೆಗಳ ನಡುವೆ ನಿಂತರು. ನಾನು ಎದ್ದೆ. ಹೌದೆಂದೇ ಹೇಳುವುದೆಂದು ಮೂರು ದಿನ ಮಾತು ಕೂಡಿಸಿಟ್ಟಿದ್ದೆ. ಗುಂಡವ್ವನ ಮುಖವೂ ಕಣ್ಣೆದುರಿತ್ತು. ಬಾಯಿ ತೆರೆದೆ.

"ತಡೀರಿ," ಅಂದರು. ದನಿ ಇಳಿಸಿದರು. "ನನಗ ಏನೂ ಹೇಳಬ್ಯಾಡ್ರಿ. ಯಂಕ್ಯಾ ಏನ ನೋಡ್ಯಾನೋ ನೋಡ್ಯಾನ. ನೋಡಿದ ಮ್ಯಾಲೂ ಎರಡ ಸಲ ಹುಗ್ಗಿ ಹಾಕಿಸಿಕೊಂಡು ಉಂಡಾನ, ಹಲ್ಕಟ್. ಈಗ ಮುನ್ನೂರು ಮಂದಿ ಹೊಟ್ಟಿ ತೊಳಿಯಾಕ ಆಗತೈತೇನು? ಕೂಡ್ರಿ ಅಂದವ ನಾನು. ಊರಾಗ ಮುದುಕ್ಯಾರು ಅಳಾಕತ್ತಾರ್ರಿ, ನಮ್ಮ ಮಡಿ ಹೋತು ಅಂತ. ಅವ್ರಿಬ್ಬರ ಮುಂದ ಇಲ್ಲ ಅನ್ರಿ. ಒಂದ ಮಾತು. ಕಲಿತವ್ರ ಮಾತು ನಂಬ್ತಾರ."

ಕೈ ಮುಗಿದರು. ಮೂರು ಸಲ ಬಂದು ನೀರು ಯಾರದೆಂದು ಕೇಳಿದ ಮನುಷ್ಯ.

ಇಬ್ಬರೂ ಬಂದು ಕೂತರು. ಒಬ್ಬ ಹಿರಿಯ ಕೇಳಿದ. ಇಲ್ರಿ, ನಾ ತಟ್ಟಿ ದಾಟಿಲ್ಲ, ಹುಗ್ಗಿಗೆ ಕೈ ಹಚ್ಚಿಲ್ಲ, ಎಂದೆ. ಆಣೆ ಮಾಡಿಸೋಣವೇ ಎಂದ ಎರಡನೆಯವನು. ಚಂದಪ್ಪ ಗದರಿದರು. "ಏ, ಕಾಲೇಜ ಮೆಟ್ಟಿಲ ಹತ್ತಿದವ್ರಿಗೆ ಆಣಿ ಮಾಡಸ್ತಿಯೇನಲೇ?" ಎಲೆ ಅಡಿಕೆ ಕೊಟ್ಟೆ. ತೆಗೆದುಕೊಂಡರು. ಊರಿಗೆ ಹೋಗಿ ಸಾರುತ್ತಾರಂತೆ. ಮುದುಕಿಯರು ಇಂದು ಸಮಾಧಾನದಿಂದ ಮಲಗುತ್ತಾರೆ.

ಗುಂಡವ್ವನಿಗೆ ಬಸವನ ಬಾಗೇವಾಡಿಯಲ್ಲಿ ಹದಿನೆಂಟನೇ ತಾರೀಖಿಗೆ ಒಂದು ಲಗ್ನದ ಅಡಿಗೆ ಬಂದಿದೆಯಂತೆ. ನೀವೂ ಬರ್ರಿ ಮಾಮಾ ಅಂದ ಬಾಬುಲಾಲ, ಈ ಸಲ ಒಳಗೆ ಬಂದು, ಪಕ್ಕದಲ್ಲೇ ಕೂತು. ಬರುತ್ತೇನೆ ಎಂದೆ.

ಎಲ್ಲ ಸರಿಯಾಯಿತು. ಆರಾಮ ಆಗಬೇಕಿತ್ತು. ಅವರು ಹೋದಾಗಿನಿಂದ ಹುಡುಕುತ್ತಿದ್ದೇನೆ, ಎಲ್ಲಿ ಚುಚ್ಚುತ್ತಿದೆ ಎಂದು. ಸುಳ್ಳಲ್ಲ. ಸುಳ್ಳು ಅಷ್ಟು ಚುಚ್ಚುತ್ತಿಲ್ಲ, ನಾಚಿಕೆಯ ಮಾತು, ಆದರೂ ಇಲ್ಲಿ ಬರೆಯುತ್ತೇನೆ. ಹುಗ್ಗಿಗೆ ಕೈ ಹಚ್ಚಿಲ್ಲ ಎಂದೆನಲ್ಲ, ಅದು. ಈ ಊರಿಗೆ ಬಂದ ಮೇಲೆ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಮುನ್ನೂರು ಊಟದ ಎಲೆಯಲ್ಲಿ ಒಂದರಲ್ಲೂ ಹುಗ್ಗಿ ಉಳಿದಿರಲಿಲ್ಲ. ಖಾತುನಬಿ ಇದ್ದಿದ್ದರೆ ಇವತ್ತು ಅವಳ ಮುಂದೆ ಕೂತು, ಉರಿ ಎಷ್ಟು ಎಳೆದೆ, ನೀರು ಎಷ್ಟು ಹೊಯ್ದೆ, ಹುಟ್ಟು ಹೇಗೆ ಹಿಡಿದೆ, ಎಲ್ಲ ಒಂದೊಂದೇ… ಇರಲಿ, ಇಲ್ಲೇ ಬರೆದಿಡುತ್ತೇನೆ. ಮೊದಲು ಉರಿ ಎಳೆಯಬೇಕು. ಆಮೇಲೆ ಬಿಸಿನೀರು, ತಣ್ಣೀರಲ್ಲ, ಬದಿಯಿಂದ, ಸುತ್ತಲೂ… ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ