ಪಾಠದಲ್ಲಿ ಕಂಡ ಕೈಗಳು

ರಬಕವಿ. ಬುಧವಾರ, ೧೯ ನವೆಂಬರ್ ೨೦೨೫

ಆನ್‌ಲೈನ್ ಕೌದಿ ತರಗತಿಗೆ ಹಾಕಿದ ಹಣ, ಸಮಯ ಸಾರ್ಥಕವೇ ಎಂದರೆ ಉತ್ತರಿಸಲಾರೆ. ಪಾಠವಂತೂ ಚೆನ್ನಾಗಿದೆ.

ಅವ್ವನ ಕೈ ನಡುಗತೊಡಗಿ ಅವಳು ಹಳೆ ಸೀರೆಯ ತುಂಡು ಸೇರಿಸಿ ಹೊಲಿಯುತ್ತಿದ್ದ ಕೌದಿ ಅರ್ಧಕ್ಕೆ ನಿಂತಿದೆ. ಮಗ್ಗದ ಯಂತ್ರ ದುರಸ್ತಿ ಮಾಡುವ ನಾನು ಸೂಜಿ ಹಿಡಿಯುತ್ತೇನೆಂದು ಹೇಳಲು ಸಂಕೋಚವಾಗಿ, ಗುಟ್ಟಾಗಿ ಕಲಿತು ಮುಗಿಸಿಕೊಡೋಣವೆಂದು ಸೇರಿದ್ದೆ. ಇಂದಿನ ಪಾಠದಲ್ಲಿ ಎರಡು ಕೈಗಳು ಮಾತ್ರ ಕಂಡವು, ಮುಖವಿಲ್ಲ. ಮುಂಗೈಯ ಹಚ್ಚೆ ಅವ್ವನದು. ಕೊನೆಯ ಮೂಲೆ ಮುಚ್ಚುವ ಮೊದಲು, ಕೌದಿಯ ಹೊಟ್ಟೆ ತುಂಬಿರಲೆಂದು, ಆ ಕೈ ಅದರೊಳಗೆ ಜೋಳದ ಕಾಳು ಇಟ್ಟಿತು. "ಈ ಹಂತವನ್ನು ನೀವು ಬಿಡಬಹುದು" ಎಂದಳು ಕಲಿಸುವಾಕೆ.

ಹೋದ ವರ್ಷದ ದೀಪಾವಳಿಗೆ ಅವ್ವ ಹೊಲಿಯುವುದನ್ನು ವಿಡಿಯೊ ಮಾಡಿಕೊಂಡವಳು ತಂಗಿ ಉಜ್ವಲಾ. ಮನೆಯ ನೆನಪಿಗೆ ಎಂದಿದ್ದಳು. ಫೋನ್ ಮಾಡಿದೆ. ತರಗತಿಯವರಿಗೆ ಕೊಟ್ಟು ಹಣ ಪಡೆದದ್ದನ್ನು ಅಲ್ಲಗಳೆಯಲಿಲ್ಲ.

"ಅವ್ವನ ಮಾರಿ ಎಲ್ಲಿ ತೋರ್ಸೇನಿ ಅಣ್ಣಾ? ಬರೇ ಕೈ ಅಲ್ಲೇನು. ನೀ ಸೇರ್ತಿ ಅಂತ ಗೊತ್ತಿದ್ರ ಫೀ ಕಡಿಮಿ ಮಾಡಸ್ತಿದ್ದೆ" ಎಂದು ನಕ್ಕಳು.

ಫೋನಿಟ್ಟೆ.

ಊಟಕ್ಕೆ ಕುಳಿತಾಗ ಅವ್ವನೇ ಕೇಳಿದಳು. "ನಮ್ಮ ಉಜ್ಜಿ ತಗದಿದ್ಲಲ್ಲ ವಿಡಿಯೊ, ಮೊಮ್ಮಕ್ಕಳು ನೋಡ್ಯಾರೇನೋ? ಆ ಕಾಳ ಇಡೂದು ನಾ ಹ್ವಾದಮ್ಯಾಗ ನಮ್ಮ ಮನ್ಯಾಗ ಇರ್ಲಿ ಅಂತ ತೋರ್ಸೇನಿ. ಹೊರಗಿನವ್ರಿಗೆ ಅಲ್ಲ."

"ನೋಡ್ಯಾರ ಬೇ. ಛಲೋ ಬಂದೈತಿ."

ಅವಳು ಸಮಾಧಾನದಿಂದ ಇನ್ನೊಂದು ರೊಟ್ಟಿ ನೀಡಿದಳು. ತಂಗಿಯ ಸುಳ್ಳನ್ನು ಇಂದು ನಾನೇ ಗಟ್ಟಿ ಮಾಡಿದೆ. ಇನ್ನು ಆ ಕೌದಿಯನ್ನು ಕೈಗೆತ್ತಿಕೊಂಡರೆ, ಎಲ್ಲಿ ಕಲಿತೆ ಎಂದು ಅವ್ವ ಕೇಳದೆ ಇರುವುದಿಲ್ಲ. ಆಗ ನಾನು ತರಗತಿಯ ವಿಷಯ ಹೇಳಬೇಕು, ಇಲ್ಲವೇ ಇನ್ನೊಂದು ಸುಳ್ಳು.